ಟಾರ್ನೆಕ್-ರೇವಿಲ್: ಬೆರಳೆಣಿಕೆಯಷ್ಟು ಉಳಿದ ಒಂದು ಡೈವಿಂಗ್ ವಾಚು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ವಾಚಿನ ಬಗ್ಗೆ ಮಾತಾಡೋಣ. ಚಿನ್ನದ್ದಲ್ಲ, ವಜ್ರ ಕೂರಿಸಿದ್ದೂ ಅಲ್ಲ. ಕಪ್ಪು ಡಯಲ್, ಉಕ್ಕಿನ ಮೈ, ನೋಡೋಕೆ ಸ್ವಲ್ಪ ಒರಟು. ಹೆಸರು ಟಾರ್ನೆಕ್-ರೇವಿಲ್ ಟಿಆರ್-900. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಡೈವರ್‌ಗಳಿಗೆ ಅಂತಲೇ ತಯಾರಾದದ್ದು. ತಯಾರಾದದ್ದೇ ಸುಮಾರು ಒಂದು ಸಾವಿರ. ಅದರಲ್ಲಿ ಈಗ ಉಳಿದಿರುವುದು ಕೆಲವು ಹತ್ತಾರು ಮಾತ್ರ ಅನ್ನುವುದು ಸಂಗ್ರಾಹಕರ ಅಂದಾಜು. ಹಳೆ ಡೈವಿಂಗ್ ವಾಚುಗಳ ಹುಚ್ಚು ಹಿಡಿದವರ ಮುಂದೆ ಈ ಹೆಸರು ಹೇಳಿ ನೋಡಿ, ಮಾತು ಅಲ್ಲಿಗೆ ಮುಗಿಯುವುದೇ ಇಲ್ಲ.

ಅಪರೂಪ ಅನ್ನೋದು ಒಂದು ಕಾರಣ, ನಿಜ. ಆದರೆ ನನ್ನ ಮಟ್ಟಿಗೆ ಅದು ಎರಡನೆಯ ಕಾರಣ. ಈ ವಾಚಿನಲ್ಲಿ ಬರೀ ಚೆಂದಕ್ಕೆ ಅಂತ ಇಟ್ಟದ್ದು ಏನೂ ಇಲ್ಲ. ಒಂದೊಂದು ಗುರುತಿನ ಹಿಂದೆಯೂ ನೀರಿನಡಿ ಇಳಿಯುವ ಮನುಷ್ಯನ ಜೀವದ ಪ್ರಶ್ನೆ ಇದೆ. ನನಗೆ ಈ ವಾಚು ಹಿಡಿಸಿದ್ದು ಅದಕ್ಕೇ.

ಇದರ ಮೂಲ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿನ ಬ್ಲಾಂಕ್‌ಪಾನ್ ಕಂಪನಿ ತುಂಬಾ ಹಳೆಯದು. 1933ರಲ್ಲಿ ಅದರ ಹೊಣೆ ಹೊತ್ತವರು ಬೆಟ್ಟಿ ಫೀಷ್ಟರ್ ಎಂಬ ಹೆಣ್ಣುಮಗಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1950ರಲ್ಲಿ ಅವರ ಜೊತೆಗೂಡಿದವರು ಸಂಬಂಧಿಯೇ ಆದ ಝಾನ್-ಝಾಕ್ ಫೀಷ್ಟರ್. ಅವರಿಗೆ ಸಮುದ್ರಕ್ಕೆ ಇಳಿಯುವ ಗೀಳು. ಒಮ್ಮೆ ದಕ್ಷಿಣ ಫ್ರಾನ್ಸಿನ ಕಡಲಲ್ಲಿ ಹೊತ್ತಿನ ಲೆಕ್ಕ ತಪ್ಪಿ, ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಮುಗಿದು, ಗಡಿಬಿಡಿಯಲ್ಲಿ ಮೇಲೆ ಬರಬೇಕಾಯಿತು. ಹಾಗೆ ಒಮ್ಮೆಲೇ ಮೇಲೆ ಬರುವುದು ಅಪಾಯ. ಆಳದಲ್ಲಿ ಒತ್ತಡಕ್ಕೆ ರಕ್ತದಲ್ಲಿ ಕರಗಿದ ನೈಟ್ರೋಜನ್, ಸರಕ್ಕನೆ ಮೇಲೆ ಬಂದರೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಕೀಲು ಹಿಡಿಯಬಹುದು, ಲಕ್ವ ಹೊಡೆಯಬಹುದು, ಜೀವವೇ ಹೋಗಬಹುದು. ನೀರೊಳಗೆ ಎಷ್ಟು ನಿಮಿಷ ಇದ್ದೆವು ಅನ್ನುವುದು ಗೊತ್ತಿರಲೇಬೇಕು ಅನ್ನುವುದು ಫೀಷ್ಟರ್‌ಗೆ ಅವತ್ತು ಮನದಟ್ಟಾಯಿತು.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಸೇನೆಯ ಮುಳುಗು ಯೋಧರ ಹೊಸ ದಳವೊಂದು ಕಟ್ಟಿಕೊಳ್ಳುತ್ತಿತ್ತು. ಅದರ ಮುಂದಾಳುಗಳು ರೊಬೇರ್ ಮಲುಬಿಯೆ ಮತ್ತು ಕ್ಲೋದ್ ರಿಫೋ. ಮಲುಬಿಯೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತದಳಕ್ಕೆ ಕೆಲಸ ಮಾಡಿದ್ದ ಗಟ್ಟಿ ಆಸಾಮಿ. ರಾತ್ರಿ, ಕೆಸರು ನೀರು, ಏನೂ ಕಾಣದ ಕತ್ತಲು, ಅಂಥ ಕಡೆ ನಂಬಬಹುದಾದ ವಾಚು ಅವರಿಗೆ ಬೇಕಿತ್ತು. ಸಿಕ್ಕಿದ ವಾಚುಗಳು ಚಿಕ್ಕವು, ನೀರು ಒಳಗೆ ಹೋಗುವಂಥವು. ಕೊನೆಗೆ ಇವರ ಬೇಡಿಕೆಯೂ ಫೀಷ್ಟರ್ ಮನಸ್ಸಿನಲ್ಲಿದ್ದದ್ದೂ ಒಂದೇ ಆಗಿ, 1953ರಲ್ಲಿ ಫಿಫ್ಟಿ ಫ್ಯಾದಮ್ಸ್ ಬಂತು. ಐವತ್ತು ಮಾರು ಆಳದವರೆಗೂ ತಡೆದುಕೊಳ್ಳುವ ವಾಚು, ಅಂದರೆ ಸುಮಾರು 91 ಮೀಟರ್. ಹೆಸರಾಂತ ಫ್ರೆಂಚ್ ಸಮುದ್ರ ಶೋಧಕ ಜಾಕ್ ಕೂಸ್ತೊ ತಂಡದ ಡೈವರ್‌ಗಳ ಕೈಯಲ್ಲೂ ಇದು ಇತ್ತು.

ಇದರ ಬೆಜಲ್ ಬಗ್ಗೆ ಹೇಳಲೇಬೇಕು, ಅಂದರೆ ಗಾಜಿನ ಸುತ್ತ ತಿರುಗುವ ಆ ಬಳೆ. ನೀರಿಗೆ ಇಳಿಯುವ ಮುಂಚೆ ಅದರ ಮೇಲಿನ ಗುರುತನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದು ನಿಲ್ಲಿಸುವುದು. ಆಮೇಲೆ ಲೆಕ್ಕ ಹಾಕುವ ಗೋಜೇ ಇಲ್ಲ, ಮುಳ್ಳು ಎಲ್ಲಿದೆ ನೋಡಿದರೆ ಆಯಿತು, ಇಷ್ಟು ನಿಮಿಷ ಕಳೆಯಿತು ಅಂತ ಗೊತ್ತಾಗುತ್ತದೆ. ಆದರೆ ನೀರೊಳಗೆ ಕೈ ಎಲ್ಲಾದರೂ ತಾಗಿ ಆ ಬಳೆ ತಿರುಗಿಬಿಟ್ಟರೆ? ಅದಕ್ಕೆ ಫೀಷ್ಟರ್ ಅದನ್ನು ಒತ್ತಿದರೆ ಮಾತ್ರ ತಿರುಗುವ ಹಾಗೆ ಮಾಡಿದರು. ಕೀ ಕೊಡುವ ಗುಂಡಿಯ ಸಂದಿಯಲ್ಲೇ ನೀರು ನುಗ್ಗುವ ಭಯ ಜಾಸ್ತಿ. ಅಲ್ಲಿಗೆ ಒಂದರ ಬದಲು ಎರಡು ಸೀಲ್. ದಿನಾ ಆ ಗುಂಡಿ ಎಳೆದು ಸೀಲ್ ಸವೆಯದಿರಲಿ ಅಂತ ಒಳಗೆ ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಯಂತ್ರ. ಒಂದು ಅಡಚಣೆಗೆ ಒಂದು ಉತ್ತರ, ಅಷ್ಟೇ.

ಇನ್ನು ಅಮೆರಿಕದ ಕಡೆಗೆ. ಅಲ್ಲಿನ ನೌಕಾಪಡೆ 1950ರ ದಶಕದ ಕೊನೆಯಲ್ಲಿ ಹಲವು ಕಂಪನಿಗಳ ವಾಚುಗಳನ್ನು ಪರೀಕ್ಷೆ ಮಾಡಿತು. ಬ್ಲಾಂಕ್‌ಪಾನ್ ಚೆನ್ನಾಗಿ ಪಾಸಾಯಿತು. ಆದರೆ ಸರ್ಕಾರಿ ಖರೀದಿಯಲ್ಲಿ ಸ್ವದೇಶಿ ಮಾಲಿಗೇ ಆದ್ಯತೆ ಅನ್ನುವ ಕಾನೂನು ಅಡ್ಡ ಬಂತು. ಆಗ ನಡುವೆ ಬಂದವರು ಅಮೆರಿಕದ ವ್ಯಾಪಾರಿ ಆಲನ್ ಟಾರ್ನೆಕ್. ಬ್ಲಾಂಕ್‌ಪಾನ್ ಮಾಡಿದ ವಾಚೇ ಅವರ ಮೂಲಕ ನೌಕಾಪಡೆಗೆ ಹೋಯಿತು. ಅವರ ಹೆಸರಿಗೆ ಬ್ಲಾಂಕ್‌ಪಾನ್ ಕಂಪನಿಯ ಇನ್ನೊಂದು ಹೆಸರಾದ ರೇವಿಲ್ ಸೇರಿ, ಡಯಲ್ ಮೇಲೆ ಟಾರ್ನೆಕ್-ರೇವಿಲ್ ಅಂತ ಬಂತು, ಕೆಳಗೆ ಯು.ಎಸ್. ಅಂತ.

ಆ ಡಯಲ್ಲನ್ನು ಹತ್ತಿರದಿಂದ ನೋಡಿ. ಆರು ಗಂಟೆಯ ಗುರುತಿನ ಮೇಲೆ ಒಂದು ಪುಟ್ಟ ದುಂಡು ಬಿಲ್ಲೆ ಇದೆ. ಅದರಲ್ಲಿ ತಿಳಿ ನೀಲಿ ಬಣ್ಣ. ಒಳಗೆ ತೇವ ಸೇರಿತೋ, ಆ ನೀಲಿ ಗುಲಾಬಿಗೆ ತಿರುಗುತ್ತದೆ. ನೀರಿಗೆ ಇಳಿಯುವ ಮುಂಚೆ ಡೈವರ್ ಒಂದು ಸಲ ಅದರ ಮೇಲೆ ಕಣ್ಣು ಹಾಯಿಸಿದರೆ ಸಾಕು, ಈ ವಾಚನ್ನು ಇವತ್ತು ನಂಬಬೇಕೋ ಬೇಡವೋ ಅಂತ ತಿಳಿಯುತ್ತದೆ. ವಾಚು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ! ನನಗೆ ಈ ವಾಚಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇಷ್ಟೇ ಅಲ್ಲ, ಸಮುದ್ರದ ಮೈನುಗಳ, ಅಂದರೆ ನೀರಿನಲ್ಲಿ ಹುದುಗಿಸಿಟ್ಟ ಬಾಂಬುಗಳ ಹತ್ತಿರ ಕೆಲಸ ಮಾಡುವವರ ಕೈಯಲ್ಲಿ ಇರುವ ಕಬ್ಬಿಣದ ಸಾಮಾನು ಕಾಂತದಿಂದ ಮೈನನ್ನು ಸಿಡಿಸಬಾರದಲ್ಲ, ಅದಕ್ಕೆ ಈ ವಾಚನ್ನು ಆದಷ್ಟೂ ಕಾಂತಗುಣ ಇಲ್ಲದ ಲೋಹದಿಂದಲೇ ಮಾಡಿದ್ದರು.

ಈಗ ವಾಚನ್ನು ಮಗುಚಿ. ಹಿಂಬದಿಯ ಮುಚ್ಚಳದ ಮೇಲೆ ವಿಕಿರಣದ ಎಚ್ಚರಿಕೆ ಕೊರೆದಿದೆ. ಸಿಕ್ಕಿದವರು ಹತ್ತಿರದ ಸೇನಾ ನೆಲೆಗೆ ಒಪ್ಪಿಸಬೇಕು ಅಂತಲೂ ಇದೆ. ಯಾಕೆಂದರೆ ಕತ್ತಲಲ್ಲಿ ಹೊಳೆಯಲಿ ಅಂತ ಮುಳ್ಳು, ಅಂಕಿಗಳಿಗೆ ಬಳಿದದ್ದು ಪ್ರೊಮೀಥಿಯಮ್-147 ಎಂಬ ವಿಕಿರಣ ಸೂಸುವ ಧಾತು ಇದ್ದ ಬಣ್ಣ. ಕೆಲಸ ಮುಗಿದ ಮೇಲೆ ಇದೇ ಕಾರಣಕ್ಕೆ ನೌಕಾಪಡೆ ಈ ವಾಚುಗಳನ್ನು ವಾಪಸ್ ತಗೊಂಡು ವಿಕಿರಣದ ಕಸ ಅಂತ ನಾಶ ಮಾಡಿತು. ಎಷ್ಟೋ ಜನ ಡೈವರ್‌ಗಳ ಜೀವಕ್ಕೆ ಕಾವಲಿದ್ದ ವಸ್ತುವನ್ನು ಲೆಕ್ಕ ಹಾಕಿ ಹಾಳುಮಾಡಿದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ, ಆದರೆ ಅಂದಿನ ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ.

ಇಲ್ಲೊಂದು ಗಮನಿಸುವ ಸಂಗತಿ ಇದೆ. ಪ್ರೊಮೀಥಿಯಮ್-147ರ ಅರ್ಧಾಯುಷ್ಯ ಸುಮಾರು 2.6 ವರ್ಷ ಮಾತ್ರ. ಪ್ರತಿ ಎರಡೂವರೆ ವರ್ಷ ಚಿಲ್ಲರೆಗೆ ಅರ್ಧಕ್ಕರ್ಧ ಇಳಿಯುತ್ತಾ ಬಂದು, ಅರವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎಂಬತ್ತು ಲಕ್ಷದಲ್ಲಿ ಒಂದು ಪಾಲು ಉಳಿದಿರುತ್ತದೆ. ಹಾಗಾಗಿ ಉಳಿದ ವಾಚುಗಳು ಈಗ ಕತ್ತಲಲ್ಲಿ ಹೊಳೆಯುವುದಿಲ್ಲ. ಯಾರಾದರೂ ಟಿಆರ್-900 ಅಂತ ತೋರಿಸಿ, ಅದು ಜಗ್ಗನೆ ಹೊಳೆದರೆ, ಆಮೇಲೆ ಯಾರೋ ಹೊಸ ಬಣ್ಣ ಬಳಿದಿದ್ದಾರೆ ಅಂತಲೇ ಅರ್ಥ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದಾಗ ಅದು ಜೋರಾಗಿ ಟಿಕಟಿಕ ಅಂದರೂ ಅನುಮಾನಪಡಿ, ರೇಡಿಯಂ ಬಳಿದ ಬೇರೆ ವಾಚಿನ ಮುಳ್ಳು ಕೂರಿಸಿರಬಹುದು.

ಸಂಗ್ರಾಹಕರು ಹಳೆ ವಾಚಿಗೆ ಪಾಲಿಶ್ ಹಾಕಿಸಬೇಡಿ, ಡಯಲ್ ಬದಲಿಸಬೇಡಿ ಅಂತ ಬಡಕೊಳ್ಳುವುದು ಯಾಕೆ ಅಂತ ಈಗ ಗೊತ್ತಾಯ್ತು ಅಲ್ವಾ? ಮಂಕಾದ ಬಣ್ಣ, ಸವೆದ ಬೆಜಲ್, ಮುಚ್ಚಳದ ಗೀರು, ಇವೆಲ್ಲ ಈ ವಾಚು ನಡೆದು ಬಂದ ದಾರಿಗೆ ಸಾಕ್ಷಿ. ಹೊಸದರಂತೆ ಮಾಡಲು ಹೊರಟರೆ ಆ ಸಾಕ್ಷಿಯನ್ನೇ ಅಳಿಸಿದಂತೆ. ಟಾರ್ನೆಕ್-ರೇವಿಲ್ ಹೆಸರಿನಲ್ಲಿ ಇತ್ತೀಚೆಗೆ ಹೊಸ ವಾಚುಗಳೂ ಬಂದಿವೆ, ಚೆನ್ನಾಗಿಯೇ ಇವೆ. ಆ ವಿನ್ಯಾಸವನ್ನು ಕೈಯಲ್ಲಿ ಕಟ್ಟಿ ಓಡಾಡುವ ಆಸೆ ಇದ್ದರೆ ಅದನ್ನೇ ಕೊಳ್ಳಿ. ಹಳೆಯದೇ ಬೇಕು ಅನ್ನುವವರು ಡಯಲ್, ಮುಳ್ಳು, ಮುಚ್ಚಳ ಮೂರೂ ಒಂದೇ ವಾಚಿನವು ಹೌದೋ ಅಂತ ಬಲ್ಲವರಿಗೆ ತೋರಿಸಿ, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಕಾಗದ ಕೇಳಿ, ಆಮೇಲೆ ಬೆಲೆ ಮಾತಾಡಿ.

ನಮಸ್ಕಾರ.