ಒಂದು ಕೇಜಿ ಪ್ರೆಶರ್ ಅಂದರೆ ಎಷ್ಟು?

ಕೇಳುಗರಿಗೆ ನಮಸ್ಕಾರ.

ಹೋದ ಬೇಸಿಗೆಯಲ್ಲಿ ನಮ್ಮ ತೋಟದ ಕೊನೆಯ ಸಾಲಿನ ಅಡಿಕೆ ಸಸಿಗಳು ಬಾಡತೊಡಗಿದವು. ಡ್ರಿಪ್ಪಿನಲ್ಲಿ ನೀರು ಬರುತ್ತಿತ್ತು, ಆದರೆ ಸಾಲುತ್ತಿರಲಿಲ್ಲ. ಡ್ರಿಪ್ ಹಾಕಿಕೊಟ್ಟವರು "ಒಂದು ಕೇಜಿ ಪ್ರೆಶರ್ ಇರಲಿ" ಅಂದಿದ್ದರು. ಪ್ರೆಶರ್ ಮೀಟರಿನ ಮುಳ್ಳು 10ರ ಹತ್ತಿರ ಇತ್ತು. ಬೇಕಾದಷ್ಟಿದೆ ಅಂದುಕೊಂಡು ಸುಮ್ಮನಿದ್ದೆ.

ಆಮೇಲೆ ಹತ್ತಿರ ಹೋಗಿ ನೋಡಿದೆ. ಮೀಟರಿನಲ್ಲಿ ಎರಡು ಸಾಲು ಅಂಕಿಗಳಿದ್ದವು. ನಾನು ಓದಿದ್ದು ಪಿಎಸ್‌ಐ ಸಾಲು, ಅಂದರೆ ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಅನ್ನುವ ಲೆಕ್ಕ. 10 ಪಿಎಸ್‌ಐ ಅಂದರೆ ಬರೀ 0.7 ಕೇಜಿ! ಹೆಚ್ಚಿನ ನೀರನ್ನು ವಾಪಸ್ ಬಿಡುವ ಬೈಪಾಸ್ ವಾಲ್ವ್ ಸ್ವಲ್ಪ ಮುಚ್ಚಿ ಮುಳ್ಳನ್ನು 14ಕ್ಕೆ ತಂದೆ. ಅಲ್ಲೇ ಗಾಜಿನ ಮೇಲೆ ಕೆಂಪು ಗೆರೆ ಎಳೆದೆ.

ನಾವು ಬಾಯಿಮಾತಿಗೆ ಕೇಜಿ ಅನ್ನುವುದರ ಪೂರ್ತಿ ಹೆಸರು, ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ. ಇದನ್ನು ಹೀಗೆ ನೆನೆಸಿಕೊಳ್ಳಿ. ಒಂದು ಲೀಟರ್ ನೀರಿನ ತೂಕ ಒಂದು ಕೇಜಿ, ಅಲ್ವಾ? ಆ ನೀರನ್ನು ಒಂದು ಚದರ ಸೆಂಟಿಮೀಟರ್ ಬಾಯಿಯ ಸಣ್ಣ ಕೊಳವೆಗೆ ಸುರಿದರೆ ಅದು 10 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಅಂದರೆ 10 ಮೀಟರ್ ನೀರು, ಒಂದು ಕೇಜಿ ಒತ್ತಡ. ಪೈಪು ಎಷ್ಟೇ ದಪ್ಪವಿದ್ದರೂ ನಿಂತ ನೀರಿಗೆ ಲೆಕ್ಕ ಇದೇ. ಪಂಪಿನ ಮೇಲೆ ಹೆಡ್, ಅಂದರೆ ನೀರೆತ್ತುವ ಎತ್ತರ, 30 ಮೀಟರ್ ಅಂತ ಬರೆದಿದ್ದರೆ ಅದು 3 ಕೇಜಿ.

ಈ ನೀರಿನ ಕಂಬ ಮನಸ್ಸಿನಲ್ಲಿದ್ದರೆ ಮಿಕ್ಕಿದ್ದು ಸುಲಭ. ಒತ್ತಡದ ಬೇರೆ ಅಳತೆಗಳಲ್ಲಿ ಹೇಳುವುದಾದರೆ ಒಂದು ಕೇಜಿ ಅಂದರೆ 14.2 ಪಿಎಸ್‌ಐ, 98 ಕಿಲೋಪ್ಯಾಸ್ಕಲ್, 0.98 ಬಾರ್. ತೋಟದ ಕೆಲಸಕ್ಕೆ ಬಾರ್ ಮತ್ತು ಕೇಜಿ ಒಂದೇ ಅಂದುಕೊಂಡರೂ ತೊಂದರೆಯಿಲ್ಲ. ಪಿಎಸ್‌ಐ ಜೊತೆ ಮಾತ್ರ ಹಾಗೆ ಮಾಡಬೇಡಿ. ಕಾರಿನ ಟೈರಿಗೆ 32 ಪಿಎಸ್‌ಐ ಹಾಕಿಸಿದರೆ ಅದು 2.2 ಬಾರ್. ಬಿಪಿ 120 ಅಂತಾರಲ್ಲ, ಅದು ಪಾದರಸದ ಮಿಲಿಮೀಟರ್. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ಅದು 1.6 ಮೀಟರ್ ನೀರಿಗೆ ಸಮ.

ಇನ್ನೊಂದು ಮಾತು. ಮೀಟರಿನ ಮುಳ್ಳು ಸೊನ್ನೆಯಲ್ಲಿದ್ದರೆ ಒತ್ತಡವೇ ಇಲ್ಲ ಅಂತಲ್ಲ. ನಮ್ಮ ಮೇಲಿನ ಗಾಳಿ ಸುಮಾರು ಒಂದು ಕೇಜಿಯಷ್ಟು ಒತ್ತುತ್ತಲೇ ಇರುತ್ತದೆ. ಮೀಟರ್ ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1640ರ ದಶಕದಲ್ಲೇ ಇದನ್ನು ಪಾದರಸದ ಕೊಳವೆಯಲ್ಲಿ ತೋರಿಸಿದ. ಬಾವಿಯ ಮೇಲಿಟ್ಟ ಪಂಪು ನೀರನ್ನು ಎಳೆಯುವುದಿಲ್ಲ. ಪಂಪು ಗಾಳಿ ಖಾಲಿ ಮಾಡುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಕೇಜಿ ಅಂದರೆ 10 ಮೀಟರ್, ಅದಕ್ಕಿಂತ ಮೇಲೆ ತಳ್ಳಲಾಗದು. ನಿಜವಾಗಿ ಸಿಗುವುದು ಆರೇಳು ಮೀಟರ್ ಅಷ್ಟೇ. ಬೇಸಿಗೆಯಲ್ಲಿ ನೀರು ಇಳಿದಂತೆ ನಮ್ಮ ಹಿರಿಯರು ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಿದ್ದದ್ದು ಇದಕ್ಕೇ.

ನಮಸ್ಕಾರ.