ಯುದ್ಧದಾಗ ಕುರ್ಚಿ ಬಿಡೂ ಮಾತು

ಕೇಳುಗರೆಲ್ಲಾರಿಗೂ ಬೆಳಗಾವಿಯಿಂದ ನಮಸ್ಕಾರ್ರಿ. ಯುದ್ಧದ ಟೈಮಿನ್ಯಾಗ ಅಧಿಕಾರ ಬಿಟ್ಟು ಹೋಗೂದರ ಬಗ್ಗೆ ಇವತ್ತ ನಾಕು ಮಾತು ಹೇಳ್ತೀನಿ.

ನಮ್ಮೂರಾಗ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಐತಿ, ಅಲ್ಲಿ ಟ್ರೇನಿಂಗ್ ಮುಗಿಸಿ ಹೋದ ಹುಡುಗಗ ಯುದ್ಧ ಹತ್ತಿದ ಮ್ಯಾಲೆ 'ನನಗ ಇದು ಒಪ್ಪಂಗಿಲ್ಲ' ಅಂತ ಚೀಟಿ ಬರದು ಕೊಟ್ಟು ಮನಿಗೆ ಬರಾಕ ಬರಂಗಿಲ್ಲ, ಬಂದ್ರ ಅದು ಅಪರಾಧ. ಅವನನ್ನ ಕಳಿಸಿದ ಮಂತ್ರಿಗೆ ಮಾತ್ರ ಆ ಹಾದಿ ತೆರದೇ ಇರತೈತಿ. ಅದಕ್ಕ ನಾ ಅನ್ನೋದು, ಮಂತ್ರಿ ರಾಜೀನಾಮೆ ಕೊಟ್ಟರ ಅವರ ಮ್ಯಾಲೆ ಒಂದು ಸಾಲ ಉಳೀತೈತ್ರಿ, ಯಾಕ ಬಿಟ್ಟೆ, ಏನಾತು ಅಂತ ಮಂದಿ ಮುಂದ ಪೂರಾ ಹೇಳಿ ತೀರಿಸೂ ಸಾಲ.

1939ರದು ನೋಡ್ರಿ. ಸೆಪ್ಟೆಂಬರ್ 3ಕ್ಕ ವೈಸರಾಯ್ ಲಿನ್‌ಲಿತ್ಗೋ ನಮ್ಮವರನ್ನ ಒಂದು ಮಾತೂ ಕೇಳದ ಭಾರತ ಯುದ್ಧದಾಗ ಐತಿ ಅಂತ ಸಾರಿಬಿಟ್ಟರು. ಆವಾಗ ಬೆಳಗಾವಿ, ಬಿಜಾಪುರ ಜಿಲ್ಲಾ ಮುಂಬೈ ಪ್ರಾಂತ್ಯದಾಗ ಇದ್ದುವು, ಬಾಗಲಕೋಟಿ ಬಿಜಾಪುರ ಜಿಲ್ಲಾದಾಗ, ಮುಂಬೈಯಾಗ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಇತ್ತು. ಕಾಂಗ್ರೆಸ್‌ನವರು ಸಿಟ್ಟಿನ ಭರದಾಗ ಎದ್ದು ಹೋಗಲಿಲ್ಲ, ಈ ಯುದ್ಧ ಯಾವುದರ ಸಲುವಾಗಿ, ನಮಗ ಸ್ವಾತಂತ್ರ್ಯ ಕೊಡ್ತೀರೋ ಇಲ್ಲೋ ಅಂತ ಮೊದಲ ಬಹಿರಂಗ ಕೇಳಿದ್ರು, ಬಂದ ಉತ್ತರ ಸರಿ ಅನಸ್ಲಿಲ್ಲ, ಅಕ್ಟೋಬರ್ 22ಕ್ಕ ವರ್ಧಾದಾಗ ಕಾರ್ಯಕಾರಿ ಸಮಿತಿ ಕೂಡಿ ಮಂತ್ರಿಮಂಡಲಗಳು ಹೊರಗ ಬರಬೇಕು ಅಂತು, ಮುಂದ ಸ್ವಲ್ಪ ದಿನದಾಗ ಖೇರ್ ಸರ್ಕಾರನೂ ಹೋತು. ಅದಕ್ಕ ಕೊಟ್ಟ ಬೆಲೆ ಸಣ್ಣದಲ್ಲ. 1935ರ ಭಾರತ ಸರ್ಕಾರ ಕಾಯ್ದೆಯ 93ನೇ ಕಲಂ ಪ್ರಕಾರ ಗವರ್ನರ್ ಆಳ್ವಿಕೆ ಬಂತು, 1946ರ ತನಕ ನಮ್ಮ ಜಿಲ್ಲಾಗಳಿಗೆ ಆರಿಸಿ ಕಳಿಸಿದ ಸರ್ಕಾರನೇ ಇರಲಿಲ್ಲ, ಮುಸ್ಲಿಂ ಲೀಗಿನ ಜಿನ್ನಾ ಅವರು ಕಾಂಗ್ರೆಸ್ ಆಳ್ವಿಕೆ ಹೋತು ಅಂತ ಡಿಸೆಂಬರ್ 22ನ್ನ ವಿಮೋಚನೆ ದಿನ ಅಂತ ಆಚರಿಸಿದ್ರು. ಕುರ್ಚಿ ಬಿಡಬಾರದಿತ್ತು ಅನ್ನೋರು ಇವತ್ತೂ ಅದಾರ. ನಾ ಒಪ್ಪಂಗಿಲ್ರಿ, ಯಾಕಂದ್ರ ಕಾರಣ ಹಳ್ಳಿ ಮನಷ್ಯಾಗೂ ತಿಳಿಯೂ ಹಂಗ ಇತ್ತು.

1942ರಾಗ ಗಾಂಧೀಜಿ ಇನ್ನೊಂದು ಹಾದಿ ಹೇಳಿದ್ರು. ಆಗಸ್ಟ್ 8ರ ಭಾಷಣದಾಗ ಸರ್ಕಾರಿ ನೌಕರರಿಗೆ, ನೀವು ಈಗ ರಾಜೀನಾಮೆ ಕೊಡಬೇಕಂತಿಲ್ಲ, ನಾವು ಕಾಂಗ್ರೆಸ್ ಕಡೆ ಅದೀವಿ ಅಂತ ಸರ್ಕಾರಕ್ಕ ಬರದು ತಿಳಿಸ್ರಿ ಅಂದ್ರು. ಕೆಲಸದಾಗ ಇದ್ದುಕೊಂಡ ಹಂಗ ಬರಿಯೋದು ಬಿಟ್ಟು ಹೋಗೋದಕ್ಕಿಂತ ಕಠಿಣ ಅಂತ ನನಗ ಅನಸ್ತೈತಿ.

ಇನ್ನ 1962. ಅಕ್ಟೋಬರ್ 20ಕ್ಕ ಚೀನಾ ದಾಳಿ ಮಾಡ್ತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಂದ ಮೊದಲ ಖಾತೆ ತಗೊಂಡು ನೆಹರೂ ತಾವಾ ಇಟ್ಟಕೊಂಡ್ರು, ಮೆನನ್ನರಿಗೆ ರಕ್ಷಣಾ ಉತ್ಪಾದನೆ ಅಂತ ಕೊಟ್ಟರು, ಮಂದಿ ಒಪ್ಪಲಿಲ್ಲ, ನವೆಂಬರ್ 7ಕ್ಕ ಪೂರಾ ಹೊರಗ ಬರಬೇಕಾತು. ಸೇನಾ ಮುಖ್ಯಸ್ಥ ಥಾಪರ್ ಅವರೂ ಹೋದ್ರು, ಅನಾರೋಗ್ಯ ಅಂತ ಹೇಳಿ. ಮೂರು ವರ್ಷ ಹಿಂದನ, 1959ರಾಗ, ಆವಾಗಿನ ಸೇನಾ ಮುಖ್ಯಸ್ಥ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಇದೇ ಮೆನನ್ನರ ಜೋಡಿ ಹೊಂದಾಣಿಕಿ ಆಗದ್ದಕ್ಕ ರಾಜೀನಾಮೆ ಕೊಟ್ಟಿದ್ರು, ನೆಹರೂ ಅದನ್ನ ವಾಪಸ್ ತಗೊಳಿಸಿದ್ರು. ಆ ಪತ್ರವನ್ನ ಆವಾಗ ಗಂಭೀರ ತಗೊಂಡಿದ್ರ ಅನ್ನೂ ಸಂಕಟ ನನಗ ಇನ್ನೂ ಹೋಗಿಲ್ಲ.

ಬ್ಯಾರೆ ದೇಶದ್ದು ಒಂದು ಹೇಳ್ತೀನಿ. 1982ರ ಏಪ್ರಿಲ್ 2ಕ್ಕ ಅರ್ಜೆಂಟೀನಾ ಫಾಕ್ಲೆಂಡ್ ದ್ವೀಪಕ್ಕ ನುಗ್ಗಿತು, 5ನೇ ತಾರೀಖಿಗೆ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾರಿಂಗ್ಟನ್ ರಾಜೀನಾಮೆ ಕೊಟ್ಟರು. ಅಷ್ಟಕ್ಕ ಬಿಡಲಿಲ್ಲ, ಫ್ರಾಂಕ್ಸ್ ಸಮಿತಿ ತನಿಖೆ ಮಾಡ್ತು, 1983ರ ಜನವರಿಯಾಗ ವರದಿ ಸಂಸತ್ತಿಗೆ ಬಂತು, ಯಾರು ಬೇಕಾದ್ರೂ ಓದಬಹುದು.

ನಮ್ಮಲ್ಲೂ 1962ರ ಯುದ್ಧದ ಬಗ್ಗೆ ತನಿಖೆ ಆಗೇತ್ರಿ. ಹೆಂಡರ್ಸನ್ ಬ್ರೂಕ್ಸ್ ಮತ್ತ ಭಗತ್ ಅಂತ ಇಬ್ಬರು ಸೇನಾ ಅಧಿಕಾರಿಗಳು 1963ರಾಗ ವರದಿ ಕೊಟ್ಟಾರ. 2014ರಾಗ ಅದರದೊಂದು ಭಾಗ ಹೊರಗ ಸೋರಿ ಬಂತು, ಸರ್ಕಾರ ತಾನಾಗಿ ಬಿಟ್ಟಿದ್ದಲ್ಲ. ಆ ಹಿಮದಾಗ ಸರಿಯಾದ ಬಟ್ಟಿ ಇಲ್ಲದ ನಿಂತು ಸತ್ತ ಸೈನಿಕರ ಮನಿಯವರಿಗೆ ಒಬ್ಬ ಮಂತ್ರಿ ಹೋದ ಅನ್ನೂ ಸುದ್ದಿ ಸಾಕಾಗಂಗಿಲ್ಲ. ಬೆಳಗಾವಿ, ಚಿಕ್ಕೋಡಿ, ಬಾಗಲಕೋಟಿ, ವಿಜಯಪುರದಿಂದ ನಾವು ಆರಿಸಿ ಕಳಿಸಿದ ಎಂಪಿಗಳು ಆ ವರದಿ ಪೂರಾ ಹೊರಗ ತರ್ರಿ ಅಂತ ಸಂಸತ್ತಿನ್ಯಾಗ ಎದ್ದು ನಿಂತು ಕೇಳಬೇಕು, ಕೇಳ್ರಿ ಅಂತ ನಾವೂ ಅವರಿಗೆ ಪತ್ರ ಬರೀಬೇಕು. ನಮಸ್ಕಾರ್ರಿ.