ಕಾಂಪೊ ಚೌಕ ತಾನಾಗಿ ಚೆಲುವಾದದ್ದಲ್ಲ

ನಮಸ್ಕಾರ. ಕಳೆದ ಸಂಚಿಕೆಯನ್ನು ನೋಡಿದ ವೀಕ್ಷಕರೊಬ್ಬರು ಬರೆದ ಒಂದು ಮಾತು ಮೂರು ದಿನಗಳಿಂದ ನನ್ನನ್ನು ಕೊರೆಯುತ್ತಿದೆ. ಇಟಲಿಯ ಸಿಯೆನಾ ನಗರದ ಪಿಯಾತ್ಸಾ ದೆಲ್ ಕಾಂಪೊ ಚೌಕವನ್ನು ಯಾರೂ ಯೋಚಿಸಿ ರೂಪಿಸಲಿಲ್ಲವಂತೆ. ಹಿಂದಿನವರಿಗೆ ಅಭಿರುಚಿ ಇದ್ದುದರಿಂದ ಅದು ತನ್ನಷ್ಟಕ್ಕೆ ತಾನೇ ಚೆಲುವಾಯಿತಂತೆ. ಇದನ್ನು ನಾನು ಒಪ್ಪುವುದಿಲ್ಲ. ಕಾಂಪೊ ಚೌಕದ ಚೆಲುವು ಕಾನೂನಿನಿಂದ ಬಂದದ್ದು.

1287ರಿಂದ 1355ರವರೆಗೆ ಸಿಯೆನಾವನ್ನು ಆಳಿದ್ದು ಒಂಬತ್ತು ಜನರ ಆಡಳಿತ ಮಂಡಳಿ. 1297ರಲ್ಲಿ ನಗರವು ಒಂದು ಕಟ್ಟಳೆ ಮಾಡಿತು: ಚೌಕದ ಕಡೆಗೆ ಮುಖ ಮಾಡಿ ಹೊಸ ಮನೆ ಕಟ್ಟುವವರು ಕಿಟಕಿಗಳನ್ನು ಸಣ್ಣ ಕಂಬಗಳಿಟ್ಟೇ ಕಟ್ಟಬೇಕು, ಚೌಕದ ಮೇಲಕ್ಕೆ ಬಾಲ್ಕನಿ ಚಾಚಬಾರದು. ನಗರಾಡಳಿತದ ಅರಮನೆಯಾದ ಪಲಾತ್ಸೊ ಪುಬ್ಲಿಕೊದ ಕಿಟಕಿಗಳನ್ನು ನೋಡಿ, ಬಳಿಕ ಎದುರು ಬಾಗಿ ನಿಂತಿರುವ ಸಾನ್ಸೆದೋನಿ ಮನೆತನದ ಅರಮನೆಯನ್ನು ನೋಡಿ. ಒಂದೊಂದು ಕಮಾನಿನೊಳಗೂ ತೆಳುವಾದ ಕಂಬಗಳು ನಿಂತು ಕಿಟಕಿಯನ್ನು ಭಾಗ ಮಾಡುತ್ತವೆ. ಒಂದು ಸರ್ಕಾರದ್ದು, ಇನ್ನೊಂದು ಖಾಸಗಿ ಮನೆತನದ್ದು. ಆದರೂ ಎರಡೂ ಒಂದೇ ಮಾತನ್ನಾಡುತ್ತವೆ. ಇದು ಕಾಕತಾಳೀಯವೇ?

ಆ ಒಂಬತ್ತು ಮಂದಿ ಹಣವಂತ ವ್ಯಾಪಾರಿಗಳು, ಅವರದು ಪ್ರಜಾಪ್ರಭುತ್ವವಲ್ಲ ಎಂದು ಕೆಲವರು ಹೇಳುತ್ತಾರೆ. ಇರಬಹುದು, ಆದರೆ ನಾವು ಮಾತನಾಡುತ್ತಿರುವುದು ಕಿಟಕಿಯ ಬಗ್ಗೆ. ಕಟ್ಟಳೆ ಹಾಕಿದವರು ಸಾಹುಕಾರರಾಗಿದ್ದರೆ ಕಂಬ ಕುಸಿದುಬೀಳುವುದಿಲ್ಲ.

ನೆಲವನ್ನೇ ನೋಡಿ. ಮೂರು ಗುಡ್ಡಗಳ ನಡುವೆ ಮಳೆನೀರು ಹರಿದು ಬರುತ್ತಿದ್ದ ತಗ್ಗು ಅದು. ಬೇರೆಯವರಾಗಿದ್ದರೆ ಮಣ್ಣು ತುಂಬಿ ಮಟ್ಟ ಮಾಡುತ್ತಿದ್ದರು. ಇವರು ಆ ಇಳಿಜಾರನ್ನೇ ಬೀಸಣಿಗೆಯ ಆಕಾರಕ್ಕೆ ತಂದರು. ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ ಕೆಂಪು ಇಟ್ಟಿಗೆ, ನಡುವೆ ಬಿಳಿಗಲ್ಲಿನ ಎಂಟು ಪಟ್ಟಿ, ಆ ಪಟ್ಟಿಗಳಿಂದ ಒಡೆದ ಒಂಬತ್ತು ಭಾಗ. ಆಳುವವರು ಒಂಬತ್ತು, ನೆಲದ ಭಾಗಗಳೂ ಒಂಬತ್ತು. ಮಳೆ ಬಂದರೆ ನೀರು ಆ ಇಳಿಜಾರಿನಲ್ಲೇ ಜಾರಿ ಅರಮನೆಯ ಮುಂದಿನ ಚರಂಡಿಯ ಬಾಯಿಗೆ ಸೇರುತ್ತದೆ. ಚರಂಡಿಯನ್ನೂ ಚೆಲುವಿನ ಲೆಕ್ಕಕ್ಕೆ ಸೇರಿಸಿದ ಊರು ತನ್ನಷ್ಟಕ್ಕೆ ಬೆಳೆಯಿತು ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

ಇನ್ನೂ ಕೇಳಿ. 1348ರಲ್ಲಿ ಮಹಾಪಿಡುಗು ಬಂದು ಸಿಯೆನಾ ಸ್ಮಶಾನವಾಯಿತು. ಮನೆಮನೆಯಲ್ಲೂ ಸಾವು. ಅಂಥ ಹೊತ್ತಿನಲ್ಲೂ ಈ ನೆಲಗಟ್ಟಿನ ಕೆಲಸ ನಿಲ್ಲಲಿಲ್ಲ, 1349ರಲ್ಲಿ ಅದನ್ನು ಮುಗಿಸಿದರು. ಇದನ್ನು ಬರೀ ಅಭಿರುಚಿ ಎನ್ನುತ್ತೀರಾ? ಇದು ಹಟ, ಇದು ಆಡಳಿತ, ಇದು ಕಾನೂನು!

ಈಗ ಅಲ್ಲಿರುವ ಫೊಂತೆ ಗಾಯಾ ಕಾರಂಜಿ ನಕಲು, ಯಾಕೋಪೊ ದೆಲ್ಲಾ ಕ್ವೆರ್ಚಾ 1419ರಲ್ಲಿ ಮುಗಿಸಿದ ಮೂಲ ಶಿಲ್ಪಗಳು ಬೇರೆಡೆ ಇವೆ ಎಂದು ಇನ್ನೊಬ್ಬರು ಆಕ್ಷೇಪಿಸಿದ್ದಾರೆ. ಹೌದು, ಅವು ಸಿಯೆನಾದ ಸಾಂತಾ ಮಾರಿಯಾ ದೆಲ್ಲಾ ಸ್ಕಾಲಾ ಎಂಬ ವಸ್ತುಸಂಗ್ರಹಾಲಯದಲ್ಲಿವೆ. ಅದರಿಂದ ಏನಾಯಿತು? ಸವೆದ ಶಿಲ್ಪವನ್ನು ಒಳಗಿಟ್ಟು, ಅದರ ಜಾಗ ಬರಿದಾಗದಂತೆ ನೋಡಿಕೊಂಡದ್ದೂ ಅದೇ ಶಿಸ್ತು.

ಆ ಕಾರಂಜಿಗೆ ನೀರು ತರುವ ಬೊತ್ತೀನಿ ಎಂಬ ನೆಲದಡಿಯ ಸುರಂಗಗಳ ಕುರಿತು ಮುಂದಿನ ಸಂಚಿಕೆ ಸಿದ್ಧವಾಗುತ್ತಿದೆ. ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿರಿ. ಆ ವೀಕ್ಷಕರಲ್ಲಿ ನನ್ನದೊಂದು ವಿನಂತಿ: ಚೌಕದ ಒಂದು ಚಿತ್ರ ತೆರೆದು, ಕಿಟಕಿಗಳ ಕಂಬಗಳನ್ನು ಒಂದೊಂದಾಗಿ ಎಣಿಸಿ, ಆಮೇಲೆ ನನಗೆ ಬರೆಯಿರಿ.